ಶೆಲ್ಫ್‌ನಲ್ಲಿ ಮಾರುತ್‌ಗೆ ಅಂತ ಬಿಟ್ಟಿದ್ದ 22 ಸೆಂಟಿಮೀಟರ್ ಜಾಗ

ನಮ್ಮನೆ ಹಾಲ್‌ನಲ್ಲಿ ಒಂದು ಗಾಜಿನ ಬೀರು ಇದೆ. ಮೊದ್ಲು ಅದು ಪೂರ್ತಿ ಅಮ್ಮನ ದಸರಾ ಗೊಂಬೆಗಳದ್ದು, ಈಗ ಗೊಂಬೆಗಳು ಮೇಲಿನ ಶೆಲ್ಫ್‌ಗೆ ಹೋಗಿ ಕೆಳಗಿನ ಮೂರೂ ನನ್ನ ಮಾಡೆಲ್ ವಿಮಾನ, ಹಡಗುಗಳಿಗೆ ಸಿಕ್ಕಿವೆ. ನಡುವಿನ ಶೆಲ್ಫ್‌ನಲ್ಲಿ ನ್ಯಾಟ್‌ಗೂ ಹಂಟರ್‌ಗೂ (ಎರಡೂ ನಮ್ಮ ವಾಯುಪಡೆಯ ಹಳೇ ಫೈಟರ್ ವಿಮಾನ) ಮಧ್ಯ ಆರು ವರ್ಷದಿಂದ ಒಂದು ಜಾಗ ಖಾಲಿ ಬಿಟ್ಟಿದ್ದೆ, ಉದ್ದ 22 ಸೆಂಟಿಮೀಟರ್, ಅಗಲ ಹನ್ನೆರಡೂವರೆ. ಮನೆಗೆ ಬಂದೋರೆಲ್ಲ ಇಲ್ಲಿ ಮಾತ್ರ ಯಾಕೆ ಖಾಲಿ ಅಂತ ಕೇಳೋರು, ಅದು ಮಾರುತ್‌ದು ಅಂತಿದ್ದೆ, ಬೆಂಗಳೂರಲ್ಲಿ ಕಟ್ಟಿದ ಫೈಟರ್ ವಿಮಾನ ಅದು. ಹೋದ ತಿಂಗಳು ಆ ಜಾಗ ತುಂಬ್ತು.

ಅಳತೆ ಮುಂಚೇನೇ ಹೆಂಗೆ ಗೊತ್ತಾಯ್ತು ಅಂದ್ರೆ, ನಾನು ಸೇರಿಸೋದು 1/72 ಸ್ಕೇಲಿನ ವಿಮಾನ ಮಾತ್ರ. ನಿಜವಾದ ಮಾರುತ್ 15.87 ಮೀಟರ್ ಉದ್ದ, 9 ಮೀಟರ್ ರೆಕ್ಕೆ, ಎರಡನ್ನೂ 72ರಿಂದ ಭಾಗಿಸಿದ್ರೆ ಆಯ್ತು. 72 ಅನ್ನೋ ಈ ನಂಬರ್ ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳ್ತಾರೆ. ಆರಡಿಗೆ ಒಂದಿಂಚು, ಅಷ್ಟೇ ಲೆಕ್ಕ. ಆರಡಿ ಎತ್ತರದ ಪೈಲಟ್ ಒಂದಿಂಚಿನ ಗೊಂಬೆ ಆಗ್ತಾನೆ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆ ಮಕ್ಕಳ ಹತ್ರ ಇದೇ ಸ್ಕೇಲಿನಲ್ಲಿ 5 ಲಕ್ಷ ಮರದ ವಿಮಾನ ಕೆತ್ತಿಕೊಡಿ ಅಂತ ಕೇಳಿತ್ತು, ಆಕಾಶದಲ್ಲಿ ಕಾಣೋದು ನಮ್ಮದಾ ಶತ್ರುದಾ ಅಂತ ಆಕಾರ ನೋಡೇ ಹೇಳೋಕೆ ಸೈನಿಕರಿಗೆ ಕಲಿಸಬೇಕಿತ್ತು. ಹಂಗಾಗಿ ಈ ಚಿಕ್ಕ ಮಾಡೆಲ್‌ಗಳು ಶುರುವಿನಿಂದ್ಲೂ ಬರೀ ಆಟದ ಸಾಮಾನಲ್ಲ, ಆಕಾರ ತಪ್ಪಿದ್ರೆ ಅವು ಇದ್ದೂ ಉಪಯೋಗ ಇಲ್ಲ. ನನಗೆ ಈ ಹವ್ಯಾಸದಲ್ಲಿ ಮುಖ್ಯ ಅನ್ಸೋದು ಇದೊಂದೇ. ಯಾವ ವಿಮಾನ, ಯಾವ ವರ್ಷದ್ದು, ಆವತ್ತು ಅದು ಹೆಂಗಿತ್ತು.

ಮಾರುತ್ ಬಗ್ಗೆ ಇಷ್ಟು ಹಠ ಯಾಕೆ ಅಂದ್ರೆ ಅದು ನಮ್ಮ ಬೆಂಗಳೂರಲ್ಲೇ ಹುಟ್ಟಿದ್ದು, ನಮ್ಮ ಅಪ್ಪ ಅದರ ಮೇಲೆ ಕೆಲಸ ಮಾಡಿದ್ದು. 1968ರಲ್ಲಿ ಎಚ್‌ಎಎಲ್ ಸೇರಿದಾಗ ಅಪ್ಪನಿಗೆ ಇಪ್ಪತ್ತು ವರ್ಷ, ಶೀಟ್ ಮೆಟಲ್ ಮತ್ತೆ ರಿವೆಟಿಂಗ್ ಕೆಲಸ. ನಾನು ಚಿಕ್ಕೋನಿದ್ದಾಗ ಬೇರೆ ಮನೆಗಳಲ್ಲಿ ರಾಮಾಯಣದ ಕತೆ ಹೇಳ್ತಿದ್ರೆ ನಮ್ಮನೇಲಿ ಅದರ ಜೊತೆಗೆ ಕರ್ಟ್ ಟ್ಯಾಂಕ್ ಕತೆನೂ ಇರ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಫೋಕೆ ವುಲ್ಫ್ 190 ಮಾಡಿದ ಜರ್ಮನ್ ಎಂಜಿನಿಯರ್, ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಗೆ ಹೋಗಿ ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದ್ರು. ಅವರು ಮತ್ತೆ ನಮ್ಮೋರು ಸೇರಿ ಮಾಡಿದ್ದೇ ಎಚ್‌ಎಫ್-24 ಮಾರುತ್, ನಾವೇ ಇಲ್ಲಿ ವಿನ್ಯಾಸ ಮಾಡಿ ಕಟ್ಟಿದ ಮೊದಲನೇ ಜೆಟ್ ಫೈಟರ್.

ಅದರಲ್ಲಿ ಒಂದು ಸಂಗತಿ ಮಾಡೆಲ್ ಕಟ್ಟೋರಿಗೆ ತುಂಬಾ ಹತ್ರದ್ದು. ಲೋಹದ ವಿಮಾನ ಕಟ್ಟೋಕೆ ಮುಂಚೆ ಅದೇ ಅಳತೇಲಿ, ಪೂರ್ತಿ ಸೈಜಿನ ಒಂದು ಮರದ ಗ್ಲೈಡರ್ ಮಾಡಿದ್ರು, ಎಂಜಿನ್ ಇಲ್ಲ ಏನಿಲ್ಲ, 1959ರಲ್ಲಿ ಅದನ್ನ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳ್ಕೊಂಡು ಮೇಲಕ್ಕೆ ಹೋಗಿ ಬಿಡೋರು, ಪೈಲಟ್ ಅದನ್ನ ಹಂಗೇ ತೇಲಿಸ್ಕೊಂಡು ಬಂದು ಇಳಿಸ್ತಿದ್ರು. ಅಂದ್ರೆ ಮಾರುತ್ ಮೊದಲು ಹಾರಿದ್ದೇ ಮರದ ಮಾಡೆಲ್ ಆಗಿ, 1/1 ಸ್ಕೇಲಿನಲ್ಲಿ! ಅದಾದ್ಮೇಲೆ 1961ರ ಜೂನ್ 17ಕ್ಕೆ ನಿಜವಾದ ವಿಮಾನ ಹಾರ್ತು, ಹಾರಿಸಿದ್ದು ವಿಂಗ್ ಕಮಾಂಡರ್ ಸುರಂಜನ್ ದಾಸ್. ಅವರು 1970ರ ಜನವರಿ 10ಕ್ಕೆ ಮಾರುತ್‌ನ ಇನ್ನೊಂದು ಪ್ರೋಟೋಟೈಪ್ ಹಾರಿಸ್ತಾ ಇಲ್ಲೇ ತೀರಿಹೋದ್ರು. ಹಳೇ ಮದ್ರಾಸ್ ರಸ್ತೆ ಕಡೆಯಿಂದ ಎಚ್‌ಎಎಲ್ ಕಡೆ ಹೋಗೋ ರಸ್ತೆ ಅವರ ಹೆಸರಲ್ಲೇ ಇದೆ, ದಿನಾ ಆ ಟ್ರಾಫಿಕ್‌ನಲ್ಲಿ ನಿಲ್ಲೋರು ಒಂದ್ಸಲ ಬೋರ್ಡ್ ಕಡೆ ನೋಡಿ. ದಾಸ್ ತೀರಿಹೋದ ದಿನ ಶಾಪ್‌ನಲ್ಲಿ ಯಾರೂ ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ ಅಂತ ಅಪ್ಪ ಈಗ್ಲೂ ಹೇಳ್ತಾರೆ.

ಒಟ್ಟು 147 ಮಾರುತ್ ಕಟ್ಟಿದ್ರು. ಕೊರತೆ ಇದ್ದದ್ದು ಎಂಜಿನ್‌ದು. ಎರಡು ಆರ್ಫಿಯಸ್ ಎಂಜಿನ್ ಹಾಕಿದ್ರೂ ಆ ಆಕಾರಕ್ಕೆ ಬೇಕಾದಷ್ಟು ಬಲ ಸಿಗಲಿಲ್ಲ, ಮೊದಲು ಅಂದ್ಕೊಂಡಿದ್ದ ಜಾಸ್ತಿ ಶಕ್ತಿಯ ಆರ್ಫಿಯಸ್ ಬ್ರಿಟನ್‌ನಲ್ಲೇ ನಿಂತುಹೋಯ್ತು, ಆಮೇಲೆ ಈಜಿಪ್ಟ್‌ಗೆ ಒಂದು ಮಾರುತ್ ಕಳಿಸಿ ಅಲ್ಲಿನ ಇ-300 ಎಂಜಿನ್ ಹಾಕಿ ನೋಡಿದ್ರು, ಅದೂ ಕೈಗೂಡಲಿಲ್ಲ. ಶಬ್ದದ ವೇಗ ದಾಟಬೇಕು ಅಂತ ಮಾಡಿದ ಮೈ, ದಾಟೋಕೆ ಎಂಜಿನ್ ಇಲ್ಲ. ಅದನ್ನೇ ಹಿಡ್ಕೊಂಡು ಮಾರುತ್ ಫೇಲ್ ಅಂತ ಬರೆಯೋರನ್ನ ಕಂಡ್ರೆ ನನಗೆ ಬೇಜಾರಾಗುತ್ತೆ. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ನೆಲದ ಮಟ್ಟದಲ್ಲಿ ಹಾರಿ ಹೊಡೆದು ಬಂದಿವೆ, ಒಂದು ಎಂಜಿನ್‌ಗೆ ಏಟು ಬಿದ್ರೂ ಇನ್ನೊಂದರಲ್ಲೇ ಪೈಲಟ್‌ನ ವಾಪಸ್ ಕರ್ಕೊಂಡು ಬಂದ ಮಾರುತ್‌ಗಳಿವೆ.

ಇಷ್ಟೆಲ್ಲ ಇದ್ರೂ ಅಂಗಡೀಲಿ ಮಾರುತ್ ಸಿಗಲ್ಲ. ಸ್ಪಿಟ್‌ಫೈರ್ ಬೇಕಾ, ಹತ್ತು ತರದ್ದು ಇದೆ. ಜರ್ಮನ್ ಮೆಸರ್‌ಸ್ಮಿಟ್ ಬೇಕಾ, ಪ್ಲಾಸ್ಟಿಕ್ ಕಿಟ್ಟೂ ಇದೆ, ಲೋಹ ಎರಕ ಹೊಯ್ದು ರೆಡಿ ಬಣ್ಣ ಹಚ್ಚಿದ ಡೈಕಾಸ್ಟೂ ಇದೆ. ನ್ಯಾಟ್ ಕೂಡ ಏರ್‌ಫಿಕ್ಸ್ ಕಂಪನಿದು ಸಿಗುತ್ತೆ, ಆದ್ರೆ ಅದು ಬ್ರಿಟನ್ ವಾಯುಪಡೆಯ ಪ್ರದರ್ಶನ ತಂಡ ರೆಡ್ ಆರೋಸ್ ಹಾರಿಸ್ತಿದ್ದ ಎರಡು ಸೀಟಿನ ಟ್ರೈನರ್. ನಮ್ಮದು ಒಂದೇ ಸೀಟಿನ ಫೈಟರ್, ಮೂಗು ಬೇರೆ, ರೆಕ್ಕೆ ಬೇರೆ. 1971ರ ಡಿಸೆಂಬರ್ 14ಕ್ಕೆ ಶ್ರೀನಗರದ ಮೇಲೆ ಒಬ್ಬರೇ ಪಾಕಿಸ್ತಾನದ ಸೇಬರ್‌ಗಳ ಗುಂಪಿಗೆ ಎದುರಾಗಿ ಹೋರಾಡಿ ಪರಮವೀರ ಚಕ್ರ ಪಡೆದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರ ನ್ಯಾಟ್ ಅಂತ ಹೇಳಿ ಎರಡು ಸೀಟಿಂದಕ್ಕೆ ನಮ್ಮ ವಾಯುಪಡೆಯ ದುಂಡು ಗುರುತಿನ ಡಿಕಾಲ್ (ಸ್ಟಿಕರ್ ತರದ್ದು) ಅಂಟಿಸಿ ಇಡೋಕೆ ನನಗೆ ಮನಸ್ಸು ಬರಲಿಲ್ಲ, ಒಂದು ಸೀಟಿನದ್ದು ಸಿಗೋವರೆಗೂ ಕಾದೆ.

ಕೊನೆಗೆ ಮಾರುತ್ ಸಿಕ್ಕಿದ್ದು ರೆಸಿನ್ ಕಿಟ್ ಆಗಿ (ಅಚ್ಚಿಗೆ ದ್ರವ ಸುರಿದು ಗಟ್ಟಿ ಮಾಡಿದ ಭಾಗಗಳು), ಹೊರದೇಶದ ಒಬ್ಬ ಸಣ್ಣ ತಯಾರಕರ ಹತ್ರ. ಪಾರ್ಸೆಲ್ ಬಂದಾಗ ಡಬ್ಬದ ಒಂದು ಮೂಲೆ ಜಜ್ಜಿಹೋಗಿತ್ತು, ಬಿಚ್ಚಿ ನೋಡಿದ್ರೆ ಹಿಂದಿನ ಎಡ ರೆಕ್ಕೆ ಎರಡು ತುಂಡು. ಕೊರಿಯರ್‌ನೋರಿಗೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ. ತುಂಬಾ ನೋವಾಯ್ತು, ಆರು ವರ್ಷ ಕಾದಿದ್ದು. ಆಮೇಲೆ ಕೂತು 0.5 ಮಿಲಿಮೀಟರ್ ಡ್ರಿಲ್ ಬಿಟ್ ಬೆರಳಲ್ಲೇ ತಿರುಗಿಸಿ ಎರಡೂ ತುಂಡಿಗೆ ತೂತು ಮಾಡಿ, ಒಳಗೆ ಗುಂಡುಸೂಜಿ ಕತ್ತರಿಸಿದ ಚೂರು ಇಟ್ಟು ಸೂಪರ್ ಗ್ಲೂ ಹಾಕಿ ಜೋಡಿಸಿದೆ. ರೆಸಿನ್‌ಗೆ ಪ್ಲಾಸ್ಟಿಕ್ ಕಿಟ್‌ನ ಸಿಮೆಂಟ್ ಹಿಡಿಯಲ್ಲ, ಹೊಸಬರು ಗಮನಿಸಿ. ಇನ್ನೊಂದು, ರೆಸಿನ್ ಉಜ್ಜುವಾಗ ನೀರು ಹಾಕ್ಕೊಂಡೇ ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಮುಖ್ಯ ರೆಕ್ಕೆ ಸ್ವಲ್ಪ ಬಾಗಿತ್ತು, ಬಿಸಿನೀರಲ್ಲಿ ಅದ್ದಿ ಗಾಜಿನ ಮೇಲೆ ಒತ್ತಿ ಹಿಡಿದ್ರೆ ನೇರ ಆಯ್ತು.

ಎರಡು ಭಾಗ ಜೋಡಿಸಿ ಪುಟ್ಟಿ ಹಾಕಿ ಒಣಗಿಸೋಕೆ ಇಟ್ಟಿದ್ದೆ, ಅಪ್ಪ ಕಾಫಿ ಲೋಟ ಪಕ್ಕಕ್ಕಿಟ್ಟು ಅದನ್ನ ಕೈಗೆ ತಗೊಂಡ್ರು. ಕಣ್ಣು ಈಗ ಅಷ್ಟು ಚೆನ್ನಾಗಿ ಕಾಣಲ್ಲ ಅವರಿಗೆ. ಹೆಬ್ಬೆರಳಲ್ಲಿ ಮೂಗಿಂದ ಹಿಂದಕ್ಕೆ ಮೆಲ್ಲಗೆ ಸವರ್ಕೊಂಡು ಬಂದ್ರು, ರೆಕ್ಕೆ ಸೇರೋ ಕಡೆ ನಿಲ್ಸಿ, "ಇಲ್ಲಿ ಸೊಂಟ ಇನ್ನೂ ಸಣ್ಣ ಇರ್ಬೇಕು ಕಣೋ" ಅಂದ್ರು.

ನಾನು ಡ್ರಾಯಿಂಗ್ ನೋಡಿದೀನಿ ಅಪ್ಪ, ಸರಿ ಇದೆ ಅಂದೆ. ಅವರು ಏನೂ ಹೇಳದೆ ಇನ್ನೊಂದ್ಸಲ ಅದೇ ಜಾಗ ಸವರಿ ಇಟ್ಬಿಟ್ರು. ಮುಂದಿನ ವಾರ ಇಬ್ಬರೂ ಎಚ್‌ಎಎಲ್ ಮ್ಯೂಸಿಯಂಗೆ ಹೋದ್ವಿ, ಅಲ್ಲಿ ಮಾರುತ್ ನಿಂತಿದೆ, ಮೇಲಿಂದ ನೋಡೋಕೆ ಆಗಲ್ಲ ಅಂತ ನಾನು ಮೂಗಿನ ಎದುರು, ಬಾಲದ ಹಿಂದೆ, ಬಗ್ಗಿ ಹೊಟ್ಟೆ ಕೆಳಗಿಂದ ಅಂತ ಮೂವತ್ತು ನಲವತ್ತು ಫೋಟೋ ತಗೊಂಡೆ. ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಕಿಟ್ ಪಕ್ಕ ಇಟ್ಟು ನೋಡ್ತೀನಿ, ಅಪ್ಪ ಹೇಳಿದ್ದೇ ಸರಿ. ಶಬ್ದದ ವೇಗದ ಹತ್ರ ಹೋಗೋ ವಿಮಾನಕ್ಕೆ ಮೂಗಿಂದ ಬಾಲದವರೆಗೆ ಒಟ್ಟು ದಪ್ಪ ಒಂದೇ ಸಲಕ್ಕೆ ಏರಬಾರ್ದು, ರೆಕ್ಕೆ ಶುರುವಾಗೋ ಕಡೆ ರೆಕ್ಕೆಯ ದಪ್ಪ ಸೇರ್ಕೊಳ್ಳುತ್ತಲ್ಲ, ಅಷ್ಟನ್ನ ಮೈಯಿಂದ ಕಮ್ಮಿ ಮಾಡ್ಬೇಕು, ಅದಕ್ಕೇ ಆ ಸೊಂಟ. ಕಿಟ್‌ನಲ್ಲಿ ಅದು ಎರಡೂ ಕಡೆ ಅರ್ಧರ್ಧ ಮಿಲಿಮೀಟರ್‌ನಷ್ಟು ಜಾಸ್ತಿ ಇತ್ತು. ಅರ್ಧ ಮಿಲಿಮೀಟರ್ ಅಂದ್ರೆ ನಿಜವಾದ ವಿಮಾನದಲ್ಲಿ 36 ಮಿಲಿಮೀಟರ್, ಐವತ್ತು ವರ್ಷ ಆದ್ಮೇಲೂ ಆ ಹೆಬ್ಬೆರಳಿಗೆ ಅದು ಗೊತ್ತಾಯ್ತು! 400 ನಂಬರ್ ಎಮರಿ ಪೇಪರ್ ಒಂದು ಪೆನ್ಸಿಲ್‌ಗೆ ಸುತ್ತಿ ಮೂರು ಸಂಜೆ ಉಜ್ಜಿದೆ, ಪ್ರತೀ ಸಂಜೆ ಅಪ್ಪ ಸವರಿ ನೋಡೋರು, ಮೂರನೇ ದಿನ "ಹಾಂ, ಸಾಕು" ಅಂದ್ರು.

ಹಡಗಿನ ವಿಷಯದಲ್ಲೂ ಇದೇ ಗೋಳು. ನಮ್ಮ ಹಳೇ ವಿಮಾನವಾಹಕ ಹಡಗು ವಿಕ್ರಾಂತ್ ಅಂತ ಮಾರೋ ಮರದ, ಹಿತ್ತಾಳೆಯ ಶೋಪೀಸ್‌ಗಳಲ್ಲಿ ಮುಂದೆ ಮೇಲಕ್ಕೆ ಬಾಗಿದ ಸ್ಕೀ ಜಂಪ್ ಇರುತ್ತೆ, ಡೆಕ್ ಮೇಲೆ ಸೀ ಹಾಕ್ ವಿಮಾನ ಇರುತ್ತೆ. ಎರಡೂ ಒಟ್ಟಿಗೆ ಇರೋಕೆ ಸಾಧ್ಯನೇ ಇಲ್ಲ. 1971ರ ವಿಕ್ರಾಂತ್‌ದು ಚಪ್ಪಟೆ ಡೆಕ್, ಉಗಿಯ ಕ್ಯಾಟಪಲ್ಟ್‌ನಿಂದ ಸೀ ಹಾಕ್, ಅಲಿಜೆಗಳನ್ನ ಎಸೀತಿದ್ದದ್ದು, ಅದೂ ಬಾಯ್ಲರ್ ಒಂದು ಬಿರುಕು ಬಿಟ್ಟು ಪೂರ್ತಿ ವೇಗ ಹೋಗೋಕಾಗ್ದಿರೋ ಸ್ಥಿತೀಲಿ. ಸ್ಕೀ ಜಂಪ್ ಬಂದಿದ್ದು ಎಂಬತ್ತರ ದಶಕದ ಕೊನೆಗೆ, ಸೀ ಹ್ಯಾರಿಯರ್‌ಗಳಿಗೋಸ್ಕರ. ನನ್ನದು 1/700, ನಿಜವಾದದ್ದು 213 ಮೀಟರ್, ಮಾಡೆಲ್ ಶಾಲೆಯ ಸ್ಕೇಲ್‌ನಷ್ಟು ಉದ್ದ, ಅದರ ಮೇಲಿನ ಒಂದೊಂದು ಸೀ ಹಾಕ್ ಏಲಕ್ಕಿ ಕಾಯಷ್ಟು. ಈ 1/700 ಅನ್ನೋದನ್ನ ಜನಪ್ರಿಯ ಮಾಡಿದ್ದು ಜಪಾನಿನ ಶಿಜುವೊಕಾದ ಕಂಪನಿಗಳು, ನೀರಿನ ಮೇಲೆ ಕಾಣೋ ಭಾಗ ಮಾತ್ರ ಮಾಡೋ ವಾಟರ್‌ಲೈನ್ ಸೀರೀಸ್ ಶುರು ಮಾಡಿದ್ದೂ 1971ರಲ್ಲೇ. ಮುಂಬೈನಲ್ಲಿ ವಿಕ್ರಾಂತ್ ಮ್ಯೂಸಿಯಂ ಆಗಿದ್ದಾಗ ಕಾಲೇಜಿನಿಂದ ಹೋಗಿದ್ವಿ, ಆ ಡೆಕ್ ಮೇಲೆ ನಡೆದಿದ್ದು ನೆನಪಿದೆ. 2014ರಲ್ಲಿ ಅದನ್ನ ಒಡೆಯೋಕೆ ಶುರು ಮಾಡಿದಾಗ ಟೀವಿ ಆಫ್ ಮಾಡಿ ಎದ್ದು ಹೋಗಿದ್ದೆ. ಅದರ ಲೋಹ ಆಮೇಲೆ ಬಜಾಜ್ ಬೈಕಿಗೆ ಹೋಯ್ತು, ರಸ್ತೇಲಿ ಆ ಬೈಕ್ ಕಂಡ್ರೆ ಈಗ್ಲೂ ತಿರುಗಿ ನೋಡ್ತೀನಿ.

ಕಾರವಾರಕ್ಕೆ ಹೋದೋರು ಟಾಗೋರ್ ಬೀಚ್ ಹತ್ರ ಐಎನ್‌ಎಸ್ ಚಪಲ್ ಅನ್ನೋ ಕ್ಷಿಪಣಿ ದೋಣಿ ನೋಡಿರ್ತೀರ. ಒಳಗೆ ಹೋಗಿ ನೋಡೋಕೆ ಬಿಡ್ತಾರೆ, ಮಕ್ಕಳನ್ನ ತಪ್ಪದೆ ಕರ್ಕೊಂಡು ಹೋಗಿ. ಆದ್ರೆ ಕರಾಚಿ ಮೇಲೆ ದಾಳಿ ಮಾಡಿದ್ದು ಇದೇ ದೋಣಿ ಅಂತ ಅಲ್ಲಿ ಬಂದೋರು ಮಾತಾಡ್ಕೊಳ್ಳೋದು ಕೇಳಿದೀನಿ, ಅದು ತಪ್ಪು. 1971ರ ಡಿಸೆಂಬರ್ 4ರ ರಾತ್ರಿ ಹೋಗಿದ್ದು ನಿಪಾತ್, ನಿರ್ಘಾತ್, ವೀರ್. ಚಪಲ್ ನಮ್ಮ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಎರಡೂ ರಷ್ಯಾದ ಓಸಾ ಜಾತಿನೇ, ಆದ್ರೆ ಮೊದಲಿನ ಓಸಾಗಳಲ್ಲಿ ಕ್ಷಿಪಣಿ ಇಡೋದು ಚೌಕನೆ ಪೆಟ್ಟಿಗೆ ತರ ಇರುತ್ತೆ, ಚಪಲ್‌ನಲ್ಲಿ ಅದು ದುಂಡಗೆ ಪೀಪಾಯಿ ತರ. ಹಂಗಾಗಿ ಚಪಲ್ ಫೋಟೋ ನೋಡ್ಕೊಂಡು ನಿರ್ಘಾತ್ ಮಾಡೆಲ್ ಮಾಡಿದ್ರೆ ಲಾಂಚರ್ ನಾಲ್ಕೂ ತಪ್ಪಾಗುತ್ತೆ.

ಡೈಕಾಸ್ಟ್ ತಗೊಳ್ಳೋರಿಗೆ ಒಂದೇ ಮಾತು, ಹಳೇದನ್ನ ಕೊಳ್ಳುವಾಗ ಹೊಟ್ಟೆ ಭಾಗ ತಿರುಗಿಸಿ ನೋಡಿ. ಸತುವಿನಲ್ಲಿ ಸೀಸ ಬೆರೆತಿದ್ರೆ ವರ್ಷಗಳ ಮೇಲೆ ಒಳಗಿಂದ್ಲೇ ಬಿರುಕು ಬಿಡುತ್ತೆ, ಅದಕ್ಕೆ ರಿಪೇರಿ ಇಲ್ಲ.

ಈಗ ಮೇಜಿನ ಮೇಲೆ ಇರೋದು ಮಿಸ್ಟೇರ್. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರು 1965ರ ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋಗಿ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್‌ನ ಹೊಡೆದು ತಾವೂ ವಾಪಸ್ ಬರದೇ ಹೋದ್ರಲ್ಲ, ಆ ವಿಮಾನ. ಅವರಿಗೆ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ. ಕಿಟ್ ಹಳೇದು, ಡಿಕಾಲ್ ಹಳದಿ ಆಗಿಬಿಟ್ಟಿದೆ, ಅದನ್ನ ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಿಸಿಲು ಬೀಳೋ ಕಿಟಕಿ ಗಾಜಿಗೆ ಟೇಪ್ ಹಾಕಿ ಅಂಟಿಸಿದೀನಿ. ಎರಡು ಮೂರು ವಾರ ಬಿಸಿಲು ಕುಡಿದ್ರೆ ಬೆಳ್ಳಗಾಗುತ್ತೆ.

ಮಾರುತ್ ಕತೆ ಮುಗಿಸ್ಬೇಕು. ಬಣ್ಣ ಒಣಗಿದ ಮೇಲೆ ನಾನು ಅದನ್ನ ಮೂಗು ಹಾಲ್ ಕಡೆ ಬರೋ ಹಂಗೆ ಇಟ್ಟಿದ್ದೆ, ಎಲ್ಲಾ ವಿಮಾನನೂ ಹಂಗೇ ಇಡೋದು, ಆ ಉದ್ದ ಚೂಪು ಮೂಗೇ ಅದರ ಅಂದ. ಬೆಳಿಗ್ಗೆ ಎದ್ದು ನೋಡಿದ್ರೆ ಬೀರು ಬಾಗಿಲು ಅರ್ಧ ತೆಗ್ದಿತ್ತು, ಮಾರುತ್ ತಿರುಗಿ ನಿಂತಿತ್ತು, ಎರಡು ಎಂಜಿನ್ ಬಾಯಿ ಹಾಲ್ ಕಡೆ. ಯಾಕಪ್ಪ ತಿರುಗಿಸಿದ್ರಿ ಅಂತ ಕೇಳಿದೆ.

"ನಾನು ರಿವೆಟ್ ಹೊಡೀತಿದ್ದಿದ್ದು ಹಿಂದಿನ ಭಾಗಕ್ಕೆ" ಅಂದ್ರು.

ಹಂಗೇ ಇದೆ ಈಗ.