ನೈಟ್ ಡ್ಯೂಟಿಯ ಟೀ ಮತ್ತು ಬನ್ನು

ನಿನ್ನೆ ರಾತ್ರಿ 3 ಗಂಟೆ ಹೊತ್ತಿಗೆ ಆಸ್ಪತ್ರೆಯ ಡ್ಯೂಟಿ ರೂಮಿಗೆ ಹೋದೆ. ಮೊದಲ ವರ್ಷದ ಪಿಜಿ (ಸ್ನಾತಕೋತ್ತರ) ಡಾಕ್ಟರ್ ಹುಡುಗಿ ಕೇಸ್ ಶೀಟ್ ಮುಂದಿಟ್ಟುಕೊಂಡು ಸುಮ್ನೆ ಕೂತಿದ್ದಳು. ಪೆನ್ನು ಕೈಯಲ್ಲಿದೆ, ಬರೆಯುತ್ತಿಲ್ಲ.

"ಊಟ ಆಯ್ತಾ?" ಅಂದೆ.
"ಯಾವತ್ತಿನ ಊಟ ಅಕ್ಕ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು.

ನಾನೇನೂ ಬುದ್ಧಿ ಹೇಳಲಿಲ್ಲ. ಗೇಟಿನ ಹೊರಗಿನ ಗಾಡಿಯಿಂದ ಟೀ, ಬನ್ನು ತಂದೆ. ಅವಳ ಪಾಲಿನ ಎರಡು ಬ್ಲಡ್ ಸ್ಯಾಂಪಲ್ ನಾನೇ ತೆಗೆದೆ. ಮೊದಲ ವರ್ಷ ನಾನೂ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ ಅಂತ ಹೇಳಿದೆ. (ನೀರು ನಿಂತ ದಿನ ಅಳುವುದಕ್ಕೂ ಆಗುತ್ತಿರಲಿಲ್ಲ!) ಬರ್ನ್‌ಔಟ್ (ಕೆಲಸದ ಒತ್ತಡಕ್ಕೆ ಮನಸ್ಸು ಬತ್ತಿಹೋಗುವುದು) ಅನ್ನೋ ಪದವನ್ನು ಇಬ್ಬರೂ ಬಳಸಲಿಲ್ಲ.

ರೆಸಿಡೆಂಟ್‌ಗಳಿಗೆ, ಅಂದರೆ ಓದುತ್ತಲೇ ಆಸ್ಪತ್ರೆಯಲ್ಲಿ ದುಡಿಯುವ ನಮ್ಮಂಥ ಡಾಕ್ಟರ್‌ಗಳಿಗೆ, ವಾರಕ್ಕೆ 48 ಗಂಟೆ ಕೆಲಸ ಅಂತ ಕೇಂದ್ರ ಸರ್ಕಾರ 1992ರಲ್ಲೇ ಬರೆದಿಟ್ಟಿದೆ. 2024ರಲ್ಲಿ ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಕೊಡಿ ಅಂದಿತು. ನಾವು ನಮ್ಮ ಗಂಟೆಗಳ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇವೆ. ಹಾಕಿದರೆ ಹೊಟ್ಟೆ ಉರಿಯುತ್ತೆ ಅಷ್ಟೆ. ಟೀ ಬನ್ನಿನಿಂದ ಇದೆಲ್ಲ ಸರಿಹೋಗಲ್ಲ ಅಂತ ನನಗೂ ಗೊತ್ತು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಅವಳ ಫೋನಿನಲ್ಲಿ ಸೇವ್ ಮಾಡಿದೆ. ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

"ಇದು ನಾವು ಪೇಷಂಟ್‌ಗಳಿಗೆ ಕೊಡೋ ನಂಬರ್ ಅಲ್ವಾ ಅಕ್ಕ?"

"ಹೌದು, ನಂದ್ರಲ್ಲೂ ಇದೆ" ಅಂದೆ.

ಬೆಳಗ್ಗೆ ರೌಂಡ್ಸ್‌ನಲ್ಲಿ ಬೈಸಿಕೊಂಡಿದ್ದು ನಾನು. ಒಂದು ರಿಪೋರ್ಟ್ ಫೈಲಿಗೆ ಹಾಕುವುದು ಮರೆತಿದ್ದೆ. ಹೊರಗೆ ಬಂದರೆ ಅವಳು ಬನ್ನಿನ ಪೊಟ್ಟಣ ಹಿಡಿದು ನಿಂತಿದ್ದಳು.