ಎಲೆ ಅದೇ, ಕೇಸು ಬೇರೆ

ಜಿಲ್ಲಾ ಪುಟಗಳಲ್ಲಿ ಆಗಾಗ ಕಾಣುವ ಸುದ್ದಿ: ಇಸ್ಪೀಟ್ ಅಡ್ಡೆ ಮೇಲೆ ದಾಳಿ, ಎಂಟು ಮಂದಿ ಬಂಧನ, ಪಣಕ್ಕಿಟ್ಟಿದ್ದ ಹಣ ಜಪ್ತಿ. ಅದೇ ಊರಿನ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ಅದೇ ಸಂಜೆ ಹಣ ಕಟ್ಟಿ ರಮ್ಮಿ ಆಡಿದವರು ಊಟ ಮುಗಿಸಿ ನೆಮ್ಮದಿಯಾಗಿ ಮನೆಗೆ ಹೋಗಿರುತ್ತಾರೆ. ‘ಮಾಮೂಲು ಹೋಗಿರುತ್ತೆ ಬಿಡಿ’ ಎನ್ನುವುದು ಅರಳಿಕಟ್ಟೆಯ ತೀರ್ಪು. ಹೋಗಿರಲೂಬಹುದು. ಆದರೆ ಯಾರೂ ಯಾರಿಗೂ ಏನೂ ಕೊಡದಿದ್ದರೂ ಈ ಎರಡು ಗುಂಪಿಗೆ ಎರಡು ಗತಿ ಬರುವ ಹಾಗೆ ಕಾಯ್ದೆಯೇ ಇದೆ. ನಮ್ಮ ಕಾನೂನು ಜೂಜನ್ನು ನಿಷೇಧಿಸಿದೆ ಎನ್ನುವುದು ಅರ್ಧಸತ್ಯ. ಕೆಲವು ಆಟಗಳನ್ನು, ಕೆಲವು ಜಾಗಗಳಲ್ಲಿ, ಕೆಲವರು ಲಾಭ ಮಾಡಿಕೊಂಡಾಗ ಮಾತ್ರ ಅದು ಹಿಡಿಯುತ್ತದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ‘ಪಣ ಮತ್ತು ಜೂಜು’ ರಾಜ್ಯಪಟ್ಟಿಯ 34ನೇ ನಮೂದು. ಹಾಗಾಗಿ 1867ರ ಬ್ರಿಟಿಷರ ಕಾಲದ ಸಾರ್ವಜನಿಕ ಜೂಜು ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ನಮ್ಮದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಪಕ್ಕದ ರಾಜ್ಯದ್ದು ಬೇರೆ. ಪಶ್ಚಿಮ ಬಂಗಾಳದ 1957ರ ಕಾಯ್ದೆ ಪೋಕರ್, ಬ್ರಿಜ್, ರಮ್ಮಿಗಳನ್ನು ಹೆಸರು ಹಿಡಿದು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗುಜರಾತ್ ಹೈಕೋರ್ಟ್ 2017ರಲ್ಲಿ ಅದೇ ಪೋಕರನ್ನು ಅದೃಷ್ಟದ ಆಟ ಎಂದಿತು. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ತಮ್ಮ ಕಾಯ್ದೆ ತಿದ್ದಿ, ಆನ್‌ಲೈನ್‌ನಲ್ಲಿ ಹಣ ಕಟ್ಟಿದರೆ ಕೌಶಲದ ಆಟವೂ ಜೂಜೇ ಎಂದವು. ಅಲ್ಲಿಗೆ, ರೈಲಿನಲ್ಲಿ ಕೂತು ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದವನ ಆಟದ ಸ್ವರೂಪ ರಾಯಚೂರು ದಾಟಿದ ಕೂಡಲೇ ಬದಲಾಗುತ್ತಿತ್ತು.

ನಮ್ಮ ಕಾಯ್ದೆಯ ಒಳಗೆ ಇಳಿದರೆ ಮೊದಲ ಬಿರುಕು ವ್ಯಾಖ್ಯೆಯಲ್ಲೇ ಸಿಗುತ್ತದೆ. 2ನೇ ಪ್ರಕರಣದ (7)ನೇ ಖಂಡದ ವಿವರಣೆ, ಅದೃಷ್ಟ ಮತ್ತು ಕೌಶಲ ಎರಡೂ ಬೆರೆತ ಆಟವನ್ನೂ ‘ಅದೃಷ್ಟದ ಆಟ’ದೊಳಗೆ ಸೇರಿಸುತ್ತದೆ. ಅತ್ತ 176ನೇ ಪ್ರಕರಣ ‘ಶುದ್ಧ ಕೌಶಲದ ಆಟ’ಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಅಕ್ಷರಶಃ ಓದಿದರೆ ಚೆಸ್ ಬಿಟ್ಟು ಉಳಿದದ್ದೆಲ್ಲ ಸಿಕ್ಕಿಬೀಳಬೇಕು. ಎಲೆ ಕಲೆಸಿ ಹಂಚಿದ ಮೇಲೆ ಶುದ್ಧ ಕೌಶಲ ಎಲ್ಲಿಂದ ಬಂತು? ಆದರೆ 1957ರ ಆರ್‌ಎಂಡಿ ಚಮರ್‌ಬಾಗ್‌ವಾಲಾ ಪ್ರಕರಣದಿಂದ ಸುಪ್ರೀಂ ಕೋರ್ಟ್ ಹಿಡಿದ ದಾರಿ ಬೇರೆ: ಆಟದಲ್ಲಿ ಯಾವುದರ ಪಾಲು ಹೆಚ್ಚು, ಕೌಶಲದ್ದೋ ಅದೃಷ್ಟದ್ದೋ, ಅದನ್ನು ನೋಡಬೇಕು. ಈ ಅಳತೆಗೆ ಮಾಪನವಿಲ್ಲ. ನ್ಯಾಯಾಧೀಶರ ವಿವೇಕವೇ ತಕ್ಕಡಿ.

176ರಲ್ಲಿ ಇನ್ನೊಂದು ಮಾತಿದೆ, ವಕೀಲರೂ ಕೆಲವೊಮ್ಮೆ ದಾಟಿಕೊಂಡು ಹೋಗುವಂಥದ್ದು. ವಿನಾಯಿತಿ ಆಟದಲ್ಲಿ ಭಾಗವಹಿಸಿದವರು ಕಟ್ಟುವ ಪಣಕ್ಕೆ ಮಾತ್ರ. ಮೇಜಿನ ಹಿಂದೆ ನಿಂತು ‘ಈ ಸಲ ಇವನೇ ಗೆಲ್ಲೋದು, ಸಾವಿರ’ ಎಂದು ಕಟ್ಟುವವನಿಗೆ ಅದು ಸಿಗದು. ಅದೂ 79 ಮತ್ತು 80ನೇ ಪ್ರಕರಣಗಳ ಮಟ್ಟಿಗೆ, ಎಂದರೆ ಜೂಜಿನ ಮನೆ ನಡೆಸುವುದು ಮತ್ತು ಅಲ್ಲಿ ಸಿಕ್ಕಿಬೀಳುವುದು, ಇವೆರಡಕ್ಕೆ ಮಾತ್ರ. ಮಟ್ಕಾ ಎಫ್‌ಐಆರ್‌ಗಳಲ್ಲಿ ಕಾಣುವ 78(3), ಬೀದಿಬದಿ ಅಂದರ್ ಬಾಹರ್‌ಗೆ ಹಾಕುವ 87, ಇವುಗಳ ಹೆಸರೇ ಅಲ್ಲಿಲ್ಲ.

ರಮ್ಮಿಗೆ ಕ್ಲಬ್ಬುಗಳು ನೆಚ್ಚಿಕೊಂಡಿರುವುದು ಸುಪ್ರೀಂ ಕೋರ್ಟಿನ ಕೆ. ಸತ್ಯನಾರಾಯಣ ತೀರ್ಪನ್ನು, 1968ರ ಕಾನೂನು ವರದಿಗಳಲ್ಲಿ ಸಿಗುತ್ತದೆ, ಸಿಕಂದರಾಬಾದಿನ ಒಂದು ಕ್ಲಬ್ಬಿನ ವಿಷಯ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯುವುದು ಯಾವುದನ್ನು ಬಿಡುವುದು ಎಂಬ ಲೆಕ್ಕಾಚಾರ ಬೇಕು, ಆದ್ದರಿಂದ ರಮ್ಮಿಯಲ್ಲಿ ಕೌಶಲವೇ ಮುಖ್ಯ. ಮೂರೆಲೆ ಆಟ ಹಾಗಲ್ಲ ಎಂದು ಕೋರ್ಟ್ ಹೇಳಿತು. ಕ್ಲಬ್ಬುಗಳು ಗೋಡೆಗೆ ಅಂಟಿಸಿಕೊಳ್ಳುವುದು ಇಷ್ಟನ್ನೇ. ಅದೇ ತೀರ್ಪು ಮುಂದೆ ಹೇಳಿದ್ದು: ಕೂರುವುದಕ್ಕೆ, ಎಲೆ ಒದಗಿಸುವುದಕ್ಕೆ ಮಿತವಾದ ಶುಲ್ಕ ಪಡೆದರೆ ತಪ್ಪಿಲ್ಲ, ಆದರೆ ಬೇರೆ ರೀತಿಯ ಜೂಜಿಗೆ ಸಾಕ್ಷ್ಯವಿದ್ದರೆ, ಅಥವಾ ಮನೆಯ ಇಲ್ಲವೇ ಕ್ಲಬ್ಬಿನ ಮಾಲೀಕ ರಮ್ಮಿಯಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ, ಅಪರಾಧ ಸಾಬೀತಾಗಬಹುದು. ಅಂದರೆ ಆಟಕ್ಕೆ ಸಿಕ್ಕ ರಕ್ಷಣೆ ಮಾಲೀಕನ ಗಲ್ಲಾಪೆಟ್ಟಿಗೆಗೆ ಸಿಕ್ಕಿಲ್ಲ. ಗಂಟೆಗೆ ಇಷ್ಟು ಎಂದು ರಸೀದಿ ಕೊಟ್ಟು ವಸೂಲಿ ಮಾಡಿದರೆ ಶುಲ್ಕ. ಪ್ರತಿ ಆಟದ ಒಟ್ಟು ಹಣದಲ್ಲಿ ನೂರಕ್ಕೆ ಇಷ್ಟು ಎಂದು ಎತ್ತಿಕೊಂಡರೆ ಲಾಭದ ವಾಸನೆ. ಎಷ್ಟರವರೆಗೆ ಶುಲ್ಕ, ಎಲ್ಲಿಂದ ಲಾಭ ಎಂಬ ಗೆರೆಯನ್ನು ಯಾವ ಕಾಯ್ದೆಯೂ ಅಂಕಿಯಲ್ಲಿ ಎಳೆದಿಲ್ಲ. ದೀಪಾವಳಿಗೆ ಮನೆಯಲ್ಲಿ ಕೂತು ಆಡುವವರ ಬಚಾವೂ ಇಲ್ಲೇ ಇದೆ: ಮನೆಯೊಡೆಯನಿಗೆ ಪಾಲು ಹೋಗದಿದ್ದರೆ ಅದನ್ನು ‘ಸಾಮಾನ್ಯ ಜೂಜಿನ ಮನೆ’ ಎನ್ನುವುದು ಕಷ್ಟ, ಆಡಿದ್ದು ಮೂರೆಲೆಯೇ ಆದರೂ.

ವ್ಯಾಖ್ಯೆಯ ಇನ್ನೊಂದು ಬಾಲ ಇನ್ನೂ ದೊಡ್ಡ ಬಾಗಿಲು. ಅದೃಷ್ಟದ ಆಟದಲ್ಲಿ ‘ಯಾವುದೇ ಅಂಗಸಾಧನೆಯ ಆಟ ಅಥವಾ ಕ್ರೀಡೆ’ ಸೇರುವುದಿಲ್ಲ ಎಂದು ಅದೇ ವಿವರಣೆ ಹೇಳುತ್ತದೆ. ಬರೆದವರ ಮನಸ್ಸಿನಲ್ಲಿದ್ದದ್ದು ಆಡುವವರ ರಕ್ಷಣೆ ಇರಬೇಕು. 2022ರ ಜನವರಿಯಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಫಿಕ್ಸಿಂಗ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಹಿಡಿದು, ಕ್ರಿಕೆಟ್ ಒಂದು ಕ್ರೀಡೆ, ಆದ್ದರಿಂದ ಅದರ ಮೇಲೆ ಬೆಟ್ಟಿಂಗ್ ನಡೆದರೂ ಪೊಲೀಸ್ ಕಾಯ್ದೆಯ ‘ಜೂಜು’ ಆಗದು ಎಂದಿತು. ಫಿಕ್ಸಿಂಗ್ ಮಾಡಿದ್ದಕ್ಕೆ ವಂಚನೆಯ ಕಲಂ ಕೂಡ ನಿಲ್ಲದು, ಅದು ಕ್ರಿಕೆಟ್ ಮಂಡಳಿ ಶಿಸ್ತುಕ್ರಮ ತೆಗೆದುಕೊಳ್ಳಬೇಕಾದ ವಿಷಯ ಎಂದಿತು. ಈ ತರ್ಕದಲ್ಲಿ ಐಪಿಎಲ್ ಬಾಜಿ ಕಟ್ಟುವವನಿಗಿಂತ ಸಂತೆಯ ಮೂಲೆಯಲ್ಲಿ ಅಂದರ್ ಬಾಹರ್‌ಗೆ ಐವತ್ತು ರೂಪಾಯಿ ಇಟ್ಟವನೇ ದೊಡ್ಡ ಅಪರಾಧಿ.

ಇನ್ನು ಕೇಸುಗಳು ನಿಜಕ್ಕೂ ಎಲ್ಲಿ ಬೀಳುತ್ತವೆ ಎಂದರೆ, ಕೌಶಲ ಅದೃಷ್ಟದ ವಾದದಲ್ಲಿ ಅಲ್ಲ, ಠಾಣೆಯ ಕಾಗದದಲ್ಲಿ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ, ಐಪಿಸಿಯಾಚೆಗಿನ (ಈಗ ಭಾರತೀಯ ನ್ಯಾಯ ಸಂಹಿತೆಯಾಚೆಗಿನ) ಕಾಯ್ದೆಗಳ ಅಪರಾಧಗಳು ಸಾಮಾನ್ಯವಾಗಿ ಅಸಂಜ್ಞೇಯ. ಅವನ್ನು ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲ. ಮಾಹಿತಿಯನ್ನು ದಾಖಲಿಸಿಕೊಂಡು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 155(2), ಈಗ ನಾಗರಿಕ ಸುರಕ್ಷಾ ಸಂಹಿತೆಯ 174. ನಡೆಯುವುದು ಉಲ್ಟಾ: ಖಚಿತ ಮಾಹಿತಿ ಬಂತು, ಪಂಚರನ್ನು ಕರೆದುಕೊಂಡು ಜೀಪು ಹೊರಟಿತು, ಹಿಡಿದರು, ಪಂಚನಾಮೆ ಬರೆದರು, ಆಮೇಲೆ ಅನುಮತಿಗೆ ಅರ್ಜಿ. 78(3) ಮತ್ತು 87ರ ಎಷ್ಟೋ ಕೇಸುಗಳನ್ನು ಹೈಕೋರ್ಟ್ ಈ ಒಂದೇ ಕಾರಣಕ್ಕೆ ರದ್ದು ಮಾಡಿದೆ. ಅರ್ಜಿಯ ಅಂಚಿನಲ್ಲಿ ‘ಅನುಮತಿಸಿದೆ’ ಎಂದಷ್ಟೇ ಬರೆದು ಸಹಿ ಹಾಕಿದ ಅನುಮತಿಯೂ ಸಾಲದು, ಮ್ಯಾಜಿಸ್ಟ್ರೇಟರು ವಿಷಯಕ್ಕೆ ಮನಸ್ಸು ಕೊಟ್ಟದ್ದು ಆದೇಶದಲ್ಲಿ ಕಾಣಬೇಕು ಎಂದೂ ಹೇಳಿದೆ. ಜೂಜಿನ ಮನೆಯ ಕೇಸಿಗೆ ಇನ್ನೊಂದು ಕುಣಿಕೆ ಇದೆ. ಎಲೆ, ದಾಳ ಸಿಕ್ಕಿದ ಮಾತ್ರಕ್ಕೆ ಅದು ಜೂಜಿನ ಮನೆ ಎಂದು ಊಹಿಸಿಕೊಳ್ಳುವ ಅನುಕೂಲ ಪ್ರಾಸಿಕ್ಯೂಷನ್‌ಗೆ ಸಿಗುವುದು ಶೋಧನೆ ಕಾಯ್ದೆಯ ಪ್ರಕಾರ ನಡೆದಿದ್ದರೆ ಮಾತ್ರ. ವಾರಂಟ್ ಹಂತದಲ್ಲಿ ಎಡವಿದರೆ ಆ ಊಹೆ ಬಿದ್ದುಹೋಗುತ್ತದೆ. ಉಳಿಯುವುದು ಒಂದು ಕಟ್ಟು ಎಲೆ, ಒಂದಿಷ್ಟು ನೋಟು, ವಿಚಾರಣೆಗೆ ಬಂದಾಗ ಏನೂ ನೆನಪಿಲ್ಲ ಎನ್ನುವ ಇಬ್ಬರು ಪಂಚರು.

ಈ ತೊಡಕನ್ನು ಬಿಡಿಸಲೆಂದೇ 2021ರ ತಿದ್ದುಪಡಿ ಬಂತು. ಅಕ್ಟೋಬರ್ 5ರಿಂದ ಜಾರಿ. ಜೂಜಿನ ಅಪರಾಧಗಳನ್ನು ಸಂಜ್ಞೇಯ ಮಾಡಿತು, ಶಿಕ್ಷೆ ಏರಿಸಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಅದರ ಜೊತೆಗೆ ಕೌಶಲದ ಆಟಕ್ಕೆ ಕಟ್ಟುವ ಹಣವನ್ನೂ ಜೂಜು ಎನ್ನಲು ಹೋಗಿ, 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ಅಸಿಂಧುಗೊಳಿಸಿತು. ಒಂದು ಒಳ್ಳೆಯ ರಿಪೇರಿಯನ್ನು ಒಂದು ಅತಿಯಾಸೆಯ ಜೊತೆ ಕಟ್ಟಿದ್ದರ ಫಲ.

2024ರ ಜುಲೈ 1ರಿಂದ ಇನ್ನೊಂದು ವಿಚಿತ್ರ ಸೇರಿದೆ. ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ‘ಸಣ್ಣ ಸಂಘಟಿತ ಅಪರಾಧ’ಗಳ ಪಟ್ಟಿಯಲ್ಲಿ ಕಳ್ಳತನ, ಪ್ರಶ್ನೆಪತ್ರಿಕೆ ಮಾರಾಟದ ಪಕ್ಕದಲ್ಲೇ ‘ಅನಧಿಕೃತ ಬೆಟ್ಟಿಂಗ್ ಅಥವಾ ಜೂಜು’ ಎಂದೂ ಬರೆದಿದೆ. ಗುಂಪಿನ ಅಥವಾ ಗ್ಯಾಂಗಿನ ಸದಸ್ಯನಾಗಿ ಮಾಡಿದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಏಳು ವರ್ಷ. ಪೊಲೀಸ್ ಕಾಯ್ದೆಯಡಿ ಬೀದಿ ಜೂಜಿನ ಶಿಕ್ಷೆ ತಿಂಗಳ ಲೆಕ್ಕದ್ದು. ಆರು ಜನ ಕೂತು ಆಡಿದರೆ ಅದು ಗುಂಪೋ, ಬರೀ ಆಟಗಾರರೋ? ಯಾವ ಕಲಂ ಎಂಬುದನ್ನು ಮೊದಲಿಗೆ ತೀರ್ಮಾನಿಸುವುದು ಎಫ್‌ಐಆರ್ ಬರೆಯುವ ಕೈ. ಜಾಮೀನು ಸಿಗುವುದೋ ಇಲ್ಲವೋ ಎಂಬುದೂ ಅಲ್ಲಿಂದಲೇ ಶುರು. ನನ್ನ ಲೆಕ್ಕದಲ್ಲಿ ಇವತ್ತಿನ ಅತಿ ಅಪಾಯಕಾರಿ ಅಸಂಗತಿ ಇದೇ.

ಕುದುರೆಯ ವಿಷಯ ಗೊತ್ತಿದ್ದದ್ದೇ. ರೇಸ್ ನಡೆಯುವ ದಿನ, ರೇಸ್‌ಕೋರ್ಸಿನ ಆವರಣದೊಳಗೆ, ಲೈಸೆನ್ಸ್ ಇದ್ದವರ ಬಳಿ ಕಟ್ಟಿದರೆ ಸರಿ. ಗೇಟಿನಾಚೆ ಫೋನಿನಲ್ಲಿ ಅದೇ ಕುದುರೆಗೆ ಕಟ್ಟಿಸಿಕೊಂಡವನಿಗೆ ಪೊಲೀಸ್ ಕಾಯ್ದೆಯ 78ನೇ ಪ್ರಕರಣ. ಕುದುರೆ ಪಂದ್ಯ ಕೌಶಲದ್ದು ಎಂದು 1996ರಲ್ಲಿ ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೌಶಲ ಕಾಂಪೌಂಡ್ ಗೋಡೆಯ ತನಕ ಅಷ್ಟೇ.

ಲಾಟರಿಯಂತೂ ಶುದ್ಧ ಅದೃಷ್ಟ, ಆದರೆ ರಾಜ್ಯ ಸರ್ಕಾರ ನಡೆಸಿದರೆ ಅದು ಕೇಂದ್ರಪಟ್ಟಿಯ 40ನೇ ನಮೂದಿನ ವಿಷಯ, ರಾಜ್ಯಪಟ್ಟಿಯ ಜೂಜಿನ ನಮೂದಿನದ್ದಲ್ಲ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ತಾನೇ ನಡೆಸದ ರಾಜ್ಯ ಹೊರಗಿನ ಲಾಟರಿಯನ್ನೂ ತಡೆಯಬಹುದು ಎಂದು 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಾಗಾಗಿ ತಲಪಾಡಿಯ ಈಚೆ ಕೇರಳದ ಟಿಕೆಟ್ ಮಾರಿದವನು ಆರೋಪಿ, ಆಚೆ ಹೋಗಿ ಕೊಂಡವನು ಭಾಗ್ಯಶಾಲಿ. ಗೋವಾದ 1976ರ ಕಾಯ್ದೆಗೆ 1992ರಲ್ಲಿ ಸೇರಿದ ತಿದ್ದುಪಡಿ ಪಂಚತಾರಾ ಹೋಟೆಲಿನಲ್ಲಿ ಸ್ಲಾಟ್ ಯಂತ್ರಗಳಿಗೆ ಅವಕಾಶ ಕೊಟ್ಟಿತು. ಮೇಜಿನ ಆಟಗಳಿಗೆ 1996ರಲ್ಲಿ ಜಾಗ ಸಿಕ್ಕಿದ್ದು ಹಡಗಿನ ಮೇಲೆ. ಮಾಂಡವಿ ನದಿಯಲ್ಲಿ ಪಣಜಿಯ ದಡಕ್ಕೆ ಕಾಣುವಷ್ಟು ಹತ್ತಿರ ನಿಂತಿರುವ ಆ ಹಡಗುಗಳನ್ನು ‘ಆಫ್‌ಶೋರ್’ (ತೀರದಾಚೆಯವು) ಎನ್ನುತ್ತಾರೆ.

ಸಿವಿಲ್ ಕಡೆಯದು ಬೇರೆಯದೇ ಲೋಕ. 1872ರ ಕರಾರು ಕಾಯ್ದೆಯ 30ನೇ ಪ್ರಕರಣದಂತೆ ಪಣದ ಒಪ್ಪಂದ ಅನೂರ್ಜಿತ. ಗೆದ್ದ ಹಣ ಕೊಡಿಸಿ ಎಂದು ದಾವೆ ಹೂಡುವಂತಿಲ್ಲ. ಅಲ್ಲಿ ಕುದುರೆ ಪಂದ್ಯಕ್ಕೆ ಒಂದು ವಿನಾಯಿತಿಯಿದೆ, ಆದರೆ ಅದು ಗೆದ್ದ ಕುದುರೆಗೆ ಕೊಡುವ 500 ರೂಪಾಯಿ ಅಥವಾ ಹೆಚ್ಚಿನ ಬಹುಮಾನದ ವಂತಿಗೆಗೆ. ಕಟ್ಟುವವರ ಬಾಜಿಗೆ ಅಲ್ಲ. ಅನೂರ್ಜಿತ ಎಂದರೆ ಕಾನೂನುಬಾಹಿರ ಎಂದಲ್ಲ ಎಂದು 1959ರಲ್ಲಿ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ಪಣಕ್ಕೆ ಹೊಂದಿಕೊಂಡ ಬೇರೆ ಒಪ್ಪಂದಗಳು ನಿಲ್ಲಬಲ್ಲವು. ಸೋತವನು ಗೆದ್ದವನಿಗೆ ಕೊಡಬೇಕಾದದ್ದು ವಸೂಲಾಗದಿದ್ದರೂ, ಆಡಲು ಮೂರನೆಯವನಿಂದ ತಂದ ಸಾಲದ ಪ್ರಾಮಿಸರಿ ನೋಟು ವಸೂಲಾಗಬಹುದು. ಹಳೆಯ ಬಾಂಬೆ ಪ್ರಾಂತ್ಯದಲ್ಲಿ 1865ರ ಕಾಯ್ದೆಯೊಂದು ಈ ಕಿಂಡಿಯನ್ನೂ ಮುಚ್ಚಿತ್ತು.

ತೆರಿಗೆಯವರಿಗೆ ಇದ್ಯಾವ ಗೊಂದಲವೂ ಇಲ್ಲ. ಗೆದ್ದ ಹಣಕ್ಕೆ ನೇರ ಶೇ 30, ಮೇಲೆ ಸೆಸ್. ಖರ್ಚು ಕಳೆಯುವಂತಿಲ್ಲ, ಬೇರೆ ಆದಾಯದ ಎದುರು ನಷ್ಟ ಹೊಂದಿಸುವಂತಿಲ್ಲ. ಆಟ ಕಾನೂನುಬದ್ಧವೇ ಎಂದು ಅವರು ಕೇಳುವುದಿಲ್ಲ. ಜಿಎಸ್‌ಟಿ 2023ರ ಅಕ್ಟೋಬರ್ 1ರಿಂದ ಕೌಶಲ ಅದೃಷ್ಟದ ಭೇದವನ್ನೇ ಅಳಿಸಿ, ಕಟ್ಟಿದ ಪೂರ್ತಿ ಮೊತ್ತಕ್ಕೆ ಶೇ 28 ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40.

ಆ ಹೊತ್ತಿಗೆ ಆನ್‌ಲೈನ್ ಆಟಕ್ಕೆ ಬೇರೆ ಕಾಯ್ದೆಯೇ ಬಂದಿತ್ತು. 2025ರ ಆಗಸ್ಟ್ 20 ಮತ್ತು 21ರಂದು ಸಂಸತ್ತಿನ ಎರಡೂ ಸದನಗಳು ಒಪ್ಪಿ, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಹಣ ಗೆಲ್ಲುವ ಆಟವನ್ನು ಕೌಶಲವೋ ಅದೃಷ್ಟವೋ ನೋಡದೆ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತಿಗೆ 2 ವರ್ಷ, 50 ಲಕ್ಷದವರೆಗೆ. ಆಡುವವರಿಗೆ ಶಿಕ್ಷೆಯಿಲ್ಲ. ಪೊಲೀಸ್ ಕಾಯ್ದೆಯಲ್ಲಿ ಜೂಜಿನ ಮನೆಯಲ್ಲಿ ಸಿಕ್ಕ ಆಟಗಾರನಿಗೆ 80ನೇ ಪ್ರಕರಣ ಕಾದಿದೆ. ಇಲ್ಲಿ ಅವನು ಸಂತ್ರಸ್ತ. ಹೀಗಾಗಿ ಮೇಜಿನ ಮೇಲಿನ ರಮ್ಮಿ ಆರು ದಶಕದ ತೀರ್ಪಿನ ರಕ್ಷಣೆಯಲ್ಲಿರುವಾಗ ಮೊಬೈಲಿನ ರಮ್ಮಿಗೆ ಆ ತೀರ್ಪು ಗುರಾಣಿಯಾಗದು. ರಾಜ್ಯಪಟ್ಟಿಯ ವಿಷಯದಲ್ಲಿ ಸಂಸತ್ತು ಕೈಹಾಕಬಹುದೇ ಎಂಬ ಪ್ರಶ್ನೆ ಹೊತ್ತ ಅರ್ಜಿಗಳು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳಿಂದ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಮುಂದಿನ ಕಿಂಡಿ ಎಲ್ಲಿ ತೆರೆಯುತ್ತದೆ ಎಂದು ಈ ಕಾಯ್ದೆಯ ಪಠ್ಯವೇ ತೋರಿಸುತ್ತದೆ. ನಾಣ್ಯ, ಟೋಕನ್, ಕ್ರೆಡಿಟ್ ಯಾವ ರೂಪದಲ್ಲಿದ್ದರೂ ಪಣ ಪಣವೇ ಎಂದು ಬಿಗಿಯಾಗಿ ಬರೆದವರು, ಇ-ಸ್ಪೋರ್ಟ್ಸ್‌ಗೆ (ವಿಡಿಯೊ ಗೇಮ್ ಸ್ಪರ್ಧೆಗಳಿಗೆ) ನೋಂದಣಿ ಶುಲ್ಕ ಮತ್ತು ಬಹುಮಾನದ ಹಣ ಎರಡನ್ನೂ ಬಿಟ್ಟುಕೊಟ್ಟಿದ್ದಾರೆ. ನೂರು ಜನ ತಲಾ 100 ರೂಪಾಯಿ ‘ನೋಂದಣಿ’ ಕಟ್ಟಿ, ಮೊದಲ ಮೂವರು ಬಹುಮಾನ ಒಯ್ದರೆ ಅದು ಸ್ಪರ್ಧೆಯೋ, ಹೆಸರು ಬದಲಿಸಿದ ಪಣವೋ? ಶುಲ್ಕದ ಹಣದಿಂದಲೇ ಬಹುಮಾನ ಕಟ್ಟಲಾಗಿದೆಯೇ, ಇಲ್ಲ ಪ್ರಾಯೋಜಕರಿಂದ ಬಂದದ್ದೇ, ಜನ ಹೆಚ್ಚಿದಂತೆ ಬಹುಮಾನವೂ ಬೆಳೆಯುತ್ತದೆಯೇ, ಸೋತ ನಿಮಿಷದಲ್ಲೇ ಮತ್ತೆ ನೋಂದಾಯಿಸಿಕೊಳ್ಳಬಹುದೇ: ವಾದ ನಡೆಯುವುದು ಇವುಗಳ ಮೇಲೆ.