ಹಗ್ಗ ಹಿಡಿಯುವವರು ಬೇಕು

ನಮ್ಮ ಗ್ಲೈಡರ್ ಕ್ಲಬ್‌ನಲ್ಲಿ ಹಾರಿಸುವವರಿಗೆ ಬರ ಇಲ್ಲ. ರಿಮೋಟ್ ಯಾವಾಗ ಕೈಗೆ ಸಿಗುತ್ತೋ ಅಂತ ಕಾಯುವವರು ಬೇಕಾದಷ್ಟಿದ್ದಾರೆ. ಬರ ಇರುವುದು ಗೂಟ ಹೊಡೆಯುವವರಿಗೆ, ಹಗ್ಗ ಕಾಯುವವರಿಗೆ, ಬಿದ್ದ ಗ್ಲೈಡರ್ ಹುಡುಕಿಕೊಂಡು ಬಿಸಿಲಲ್ಲಿ ಹೊಲದ ಬದು ಸುತ್ತುವವರಿಗೆ. ನಾನು ಆ ಕೆಲಸದವಳು. ಇದನ್ನು ಬರೆಯಲು ಕೂತಿದ್ದೂ ಅದಕ್ಕೇ.

ಗ್ಲೈಡರ್ ಅಂದರೆ ನಾವು ಕೂತು ಹಾರುವಂಥದ್ದಲ್ಲ. ಬಾಲ್ಸಾ ಅನ್ನುವ ಹಗುರ ಮರದಲ್ಲಿ ಮಾಡಿದ, ಎರಡು ಮೀಟರ್ ರೆಕ್ಕೆಯ ಮಾಡೆಲ್. ಇಂಜಿನ್ ಇಲ್ಲ, ಫ್ಯಾನ್ ಇಲ್ಲ. ಒಳಗೆ ಪುಟ್ಟ ಬ್ಯಾಟರಿ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಬಾಲ ಆಡಿಸಲು ಸರ್ವೋ ಅನ್ನುವ ಎರಡು ಪುಟ್ಟ ಮೋಟಾರು. ಉಳಿದದ್ದು ಗಾಳಿಯ ಕೆಲಸ.

ನಂದು ಬೆಂಗಳೂರಿನ ರಾಜಾಜಿನಗರದಲ್ಲಿ ಟೈಲರಿಂಗ್ ಅಂಗಡಿ. ಮಗನನ್ನು ಕ್ಲಬ್ಬಿಗೆ ಬಿಟ್ಟು ಬರಲು ಹೋದವಳು ಅಲ್ಲೇ ಉಳಿದೆ. ಉಳಿಸಿಕೊಂಡಿದ್ದು ಇಸ್ತ್ರಿ ಪೆಟ್ಟಿಗೆ. ರೆಕ್ಕೆಯ ಮರದ ಚೌಕಟ್ಟಿನ ಮೇಲೆ ತೆಳ್ಳನೆಯ ಬಣ್ಣದ ಫಿಲ್ಮ್ ಹೊದಿಸಿ ಇಸ್ತ್ರಿ ಮಾಡಿ ಅಂಟಿಸಬೇಕು. ಮೊದಲು ಕಡಿಮೆ ಬಿಸಿ, ಅಂಚು ಹಿಡಿದುಕೊಳ್ಳುವಷ್ಟು. ಎಲ್ಲಾ ಅಂಚೂ ಕೂತ ಮೇಲೆ ಬಿಸಿ ಏರಿಸಬೇಕು. ಆಗ ಫಿಲ್ಮ್ ಕುಗ್ಗುತ್ತದೆ, ಬೆಂಕಿಗೆ ಕಾಯಿಸಿದ ತಮಟೆ ಹಾಗೆ ಬಿಗಿಯಾಗುತ್ತದೆ. ಒಂದೇ ಮಗ್ಗುಲಿಗೆ ಬಿಸಿ ಜಾಸ್ತಿಯಾಯಿತೋ, ರೆಕ್ಕೆ ತಿರುಚಿಕೊಳ್ಳುತ್ತದೆ. ಅಂಥ ಗ್ಲೈಡರ್ ನೇರ ಹೋಗುವುದೇ ಇಲ್ಲ, ಒಂದೇ ಪಕ್ಕಕ್ಕೆ ಎಳೆಯುತ್ತಿರುತ್ತದೆ. ಸರಿ ಮಾಡಬೇಕಾದರೆ ಒಬ್ಬರು ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿಯಬೇಕು, ಇನ್ನೊಬ್ಬರು ಮತ್ತೆ ಬಿಸಿ ಕೊಡಬೇಕು, ಪೂರ್ತಿ ಆರುವ ತನಕ ಕೈ ಬಿಡಬಾರದು. ಬ್ಲೌಸ್ ತೋಳಿನ ಸುಕ್ಕು ತೆಗೆದು ಪಳಗಿದ ಕೈಗೆ ಇದು ಬೇಗ ಒಗ್ಗಿತು. ಈಗ ಕ್ಲಬ್ಬಿನ ರೆಕ್ಕೆಗಳೆಲ್ಲ ನಮ್ಮ ಅಂಗಡಿಗೇ ಬರುತ್ತವೆ.

ಭಾನುವಾರ ಬೆಳಗ್ಗೆ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಹೋಗುತ್ತೇವೆ. ಬೀಳು ಬಿಟ್ಟ ಜಮೀನು, ಗೌಡ್ರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದಾರೆ. ಊರೊಳಗೆ ಜಾಗ ಎಲ್ಲಿದೆ ಹೇಳಿ? ಪೂರ್ವಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣ, ಉತ್ತರಕ್ಕೆ ಜಕ್ಕೂರು ಏರೋಡ್ರೋಮ್, ಯಲಹಂಕ ವಾಯುನೆಲೆ, ಅದರಾಚೆ ದೇವನಹಳ್ಳಿ ವಿಮಾನ ನಿಲ್ದಾಣ. 2021ರ ಡ್ರೋನ್ ನಿಯಮಗಳು ರಿಮೋಟ್ ಮಾಡೆಲ್‌ಗಳಿಗೂ ಅನ್ವಯ. ಹಾಗಾಗಿ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣ, ಅಂದರೆ ಹಾರಿಸಲು ಅಡ್ಡಿಯಿಲ್ಲ ಅನ್ನುವ ಗುರುತು, ಇರುವ ಕಡೆ, 400 ಅಡಿಯೊಳಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುತ್ತೇವೆ. ಪ್ರತಿ ವಾರ ಹೊರಡುವ ಮುಂಚೆ ಆ ನಕ್ಷೆ ನೋಡಿ ಹೇಳುವ ಕೆಲಸ ಒಬ್ಬ ಕಾಲೇಜು ಹುಡುಗಿಯದು. ಅವಳು ಸರಿ ಅನ್ನದೆ ಯಾರೂ ಗಾಡಿ ತೆಗೆಯುವುದಿಲ್ಲ.

ಮೈದಾನದಲ್ಲಿ ನನ್ನ ಪಾಲಿನದು ಬಂಗಿ, ಅಂದರೆ ಗ್ಲೈಡರನ್ನು ಮೇಲಕ್ಕೆ ಚಿಮ್ಮಿಸುವ ರಬ್ಬರ್ ಹಗ್ಗ. 20 ಮೀಟರ್ ರಬ್ಬರ್ ಟ್ಯೂಬು, ಅದಕ್ಕೆ ಕಟ್ಟಿದ 70 ಮೀಟರ್ ನೈಲಾನ್ ದಾರ, ದಾರದ ತುದಿಗೆ ಒಂದು ಉಂಗುರ. ಗಾಳಿ ಬರುವ ಕಡೆ ಗೂಟ ಹೊಡೆದು ರಬ್ಬರಿನ ತುದಿ ಕಟ್ಟುತ್ತೇವೆ. ಉಂಗುರವನ್ನು ಗ್ಲೈಡರ್ ಹೊಟ್ಟೆಯ ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆ ನಡೆಯುತ್ತಾ ಎಳೆದು, ಬಿಟ್ಟರೆ ಸರ್ರಂತ ಮೇಲೇರುತ್ತದೆ. ರಬ್ಬರು ಸಡಿಲವಾದಾಗ ಉಂಗುರ ತಾನೇ ಕಳಚಿ ಬೀಳುತ್ತದೆ. ಎಲ್ಲಿ ಬಿತ್ತು ಅಂತ ಕಾಣಲಿ ಎಂದು ಉಂಗುರದ ಹತ್ತಿರ ಕೆಂಪು ಬಟ್ಟೆಯ ಪಟ್ಟಿ ಹೊಲಿದಿದ್ದೇನೆ.

ಎಳೆದ ರಬ್ಬರಿನ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಕಿತ್ತುಕೊಂಡರೆ ನೇರ ಮುಖಕ್ಕೆ ಬರುತ್ತದೆ. ಅದಕ್ಕೇ ಶುರು ಮಾಡುವ ಮುಂಚೆ ಟ್ಯೂಬಿನ ಉದ್ದಕ್ಕೂ ಬೆರಳಾಡಿಸುತ್ತೇನೆ. ಸಣ್ಣ ಗೀರು ಸಿಕ್ಕರೂ ಆ ಭಾಗ ಕತ್ತರಿಸಿ ಹೊಸ ಗಂಟು ಹಾಕುತ್ತೇನೆ. ದಾರ ದಾಟಿ ಹಸು ಬಂದರೆ ಅದು ಹೋಗುವ ತನಕ ಕಾಯಬೇಕು. ನಾನು ಕೈ ಎತ್ತುವ ತನಕ ಯಾರೂ ಬಿಡುವಂತಿಲ್ಲ, ಎಷ್ಟೇ ಹಳಬರಾದರೂ.

ಹಳಬರ ಪೈಕಿ ಎಚ್‌ಎಎಲ್‌ನಿಂದ ನಿವೃತ್ತರಾದ ಅಂಕಲ್ ಒಬ್ಬರಿದ್ದಾರೆ. ಹೊಸ ಮಾಡೆಲ್ ಬಂದರೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ತೂಗಿ ನೋಡುವುದು ಅವರೇ. ಬಾಲ ಭಾರವಾದರೆ ಗ್ಲೈಡರ್ ಮೂತಿ ಎತ್ತಿ, ವೇಗ ಕಳೆದುಕೊಂಡು, ದೊಪ್ಪನೆ ಕುಸಿಯುತ್ತದೆ. ಮೂತಿಯೊಳಗೆ ಸೀಸದ ಚೂರು ತುಂಬಿ ಸರಿದೂಗಿಸುತ್ತಾರೆ. ಡಾ. ವಿ.ಎಂ. ಘಾಟ್ಗೆ ವಿನ್ಯಾಸ ಮಾಡಿದ, 10 ಜನ ಕೂರುವ ಜಿ-1 ಗ್ಲೈಡರನ್ನು 1941ರಲ್ಲಿ ಇದೇ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು (ಈಗಿನ ಎಚ್‌ಎಎಲ್) ಕಟ್ಟಿದ್ದು ನನಗೆ ತಿಳಿದಿದ್ದೂ ಅವರಿಂದಲೇ. ಮಕ್ಕಳಿಗೆ ಆ ಕಥೆ ಹೇಳುವಾಗ ಅವರ ಮುಖ ನೋಡಬೇಕು ನೀವು.

ಆಷಾಢದಲ್ಲಿ ಹೊಸಬರಿಗೆ ರಿಮೋಟ್ ಕೊಡುವುದಿಲ್ಲ. ಗಾಳಿ ಜೋರಾದರೆ ಮೂತಿ ಮುಂದಿದ್ದರೂ ಗ್ಲೈಡರ್ ಹಿಂದಕ್ಕೆ ಸರಿಯುತ್ತಾ ಹೋಗಿ ತೆಂಗಿನ ಮರ ಸೇರುತ್ತದೆ.

ಮಾರ್ಚ್, ಏಪ್ರಿಲ್ ಬಂದರೆ ಮಾತ್ರ ಹಬ್ಬ. ಹೊತ್ತು ಏರಿದಂತೆ ಉತ್ತ ಕೆಮ್ಮಣ್ಣು ಕಾಯುತ್ತದೆ, ಬಂಡೆ ಕಾಯುತ್ತದೆ, ಪಕ್ಕದ ಮಾವಿನ ತೋಪು ತಂಪಾಗೇ ಇರುತ್ತದೆ. ಕಾದ ನೆಲದಿಂದ ಬಿಸಿ ಗಾಳಿ ಏಳುತ್ತದೆ. ಅದೇ ಥರ್ಮಲ್. ಸಾವನದುರ್ಗದ ಕಡೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರುವುದನ್ನು ನಾವು ಕೆಳಗಿನವರು ಮೊದಲು ನೋಡುತ್ತೇವೆ, ಹಾರಿಸುವವನ ಕಣ್ಣು ತನ್ನ ಮಾಡೆಲ್ ಬಿಟ್ಟು ಕದಲುವಂತಿಲ್ಲವಲ್ಲ. ಕಳೆದ ಬೇಸಿಗೆಯಲ್ಲಿ ಹೈಸ್ಕೂಲ್ ಹುಡುಗನೊಬ್ಬನ ಗ್ಲೈಡರ್ ಇಳಿಯುತ್ತಾ ಬರುತ್ತಿತ್ತು. ಇದ್ದಕ್ಕಿದ್ದಂತೆ ಎಡ ರೆಕ್ಕೆ ಸ್ವಲ್ಪ ಎದ್ದಿತು. ಅವನು ಅದನ್ನು ಮಟ್ಟ ಮಾಡಲು ಹೋದ.

"ಎಡಕ್ಕೇ ತಿರುಗಿಸು ಮಗಾ, ಗಾಳಿ ಅಲ್ಲೇ ಇದೆ!" ಅಂತ ಕೂಗಿದೆ.

"ಆಂಟಿ, ಬೀಳುತ್ತೆ!"

"ಬೀಳಲ್ಲ, ತಿರುಗಿಸು!"

ತಿರುಗಿಸಿದ. ಎರಡು ಸುತ್ತು ಅಲ್ಲೇ ಅಲ್ಲೇ ಹೊಡೆಯಿತು, ಆಮೇಲೆ ಏರತೊಡಗಿತು. ಕೊನೆಗೆ 400 ಅಡಿ ಮೀರದಂತೆ ಕೆಳಗಿಳಿಸುವುದೇ ಕೆಲಸವಾಯಿತು. ಅವತ್ತಿನಷ್ಟು ಖುಷಿ ನನಗೆ ರಿಮೋಟ್ ಹಿಡಿದಾಗಲೂ ಆಗಿಲ್ಲ.

ಈಗ ಸುತ್ತ ರಾಗಿ ತೆನೆ ಕಟ್ಟುತ್ತಿದೆ. ಕೊಯ್ಲು ಮುಗಿಯುವ ತನಕ ಪಕ್ಕದ ಹೊಲಗಳಿಗೆ ಕಾಲಿಡುವುದಿಲ್ಲ ಅಂತ ಗೌಡ್ರಿಗೆ ಮಾತು ಕೊಟ್ಟಿದ್ದೇವೆ. ಅದಕ್ಕೇ ನಾಲ್ಕೂ ಬದುವಿನ ಮೇಲೆ ಒಬ್ಬೊಬ್ಬರು ನಿಲ್ಲಬೇಕು. ಹಾರಿಸಲು ಬರದಿದ್ದರೂ ಪರವಾಗಿಲ್ಲ, ಟೋಪಿ, ನೀರು ತನ್ನಿ. ಭಾನುವಾರ ಆಗಲ್ಲ ಅನ್ನುವವರು ವಾರದ ದಿನ ಅಂಗಡಿಗೆ ಬನ್ನಿ. ರಾತ್ರಿ ಎಂಟಕ್ಕೆ ಶಟರ್ ಎಳೆದ ಮೇಲೆ ಕಟಿಂಗ್ ಟೇಬಲ್ ಪೂರ್ತಿ ರೆಕ್ಕೆಗಳದ್ದೇ. ತಿರುಚಿ ಹಿಡಿಯಲು ಇನ್ನೊಬ್ಬರು ಬೇಕು.